ಅಲ್ಲಿ ಹೋಗಿ ಮತ್ತೆ ಕೇಳಿ

ಮಲೆನಾಡಿನಲ್ಲಿ ಮನೆ ಹುಡುಕಿಕೊಂಡು ಬಂದವರಿಗೆ ಯಾರೂ ಪೂರ್ತಿ ದಾರಿ ಹೇಳುವುದಿಲ್ಲ. ಸಾಗರದ ಕಡೆಯ ನಮ್ಮೂರಿನಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿಲ್ಲ. ತೋಟದ ತಲೆಯಲ್ಲೊಂದು, ಗುಡ್ಡದ ಬುಡದಲ್ಲೊಂದು. ಇಂಥವರ ಮನೆ ಎಲ್ಲಿ ಎಂದು ರಸ್ತೆಬದಿಯಲ್ಲಿ ಕೇಳಿದರೆ ಬರುವ ಉತ್ತರ ಹೀಗಿರುತ್ತದೆ: “ಹೀಗೇ ಇಳಿದು ಹೋಗಿ. ಸೊಸೈಟಿ ಕಟ್ಟಡ ಸಿಗ್ತದೆ. ಅದರ ಎಡಕ್ಕೆ ಮಣ್ಣು ರಸ್ತೆ. ಉಣಗೋಲು ದಾಟಿದ್ರೆ ಒಂದು ಸಂಕ. ಅಲ್ಲಿ ಹೋಗಿ ಮತ್ತೆ ಕೇಳಿ.”

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಗೆಳತಿಯೊಬ್ಬಳು ನಮ್ಮ ಮನೆಗೆ ಬಂದಾಗ ಹೀಗೆ ನಾಲ್ಕು ಕಡೆ ಕೇಳಿಕೊಂಡು ಬಂದಿದ್ದಳು. “ಎಲ್ಲರಿಗೂ ನಿಮ್ಮ ಮನೆ ಗೊತ್ತು, ಆದರೂ ಒಬ್ಬರೂ ಪೂರ್ತಿ ಹೇಳಲಿಲ್ಲವಲ್ಲ” ಎಂದು ಅವಳ ಬೇಸರ. ಅಮ್ಮ ಅವಳಿಗೆ ಬೆಲ್ಲ ನೀರು ಕೊಡುತ್ತಾ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. “ಪೂರ್ತಿ ಹೇಳಿದ್ರೆ ನೀನು ಅರ್ಧ ಮರೀತಿದ್ದೆ ತಂಗಿ. ಆಮೇಲೆ ಮಳೆಗೆ ಸಂಕ ತೇಲಿ ಹೋಗಿದ್ರೆ?”

ಅಮ್ಮನ ಮಾತಿನಲ್ಲಿ ದೊಡ್ಡ ತಿಳಿವಳಿಕೆಯಿತ್ತು. ದಾರಿ ಹೇಳಿದವನು ಹೇಳಿ ಮುಗಿಸಿ ತನ್ನ ಕೆಲಸಕ್ಕೆ ಹೋಗುತ್ತಾನೆ, ಕೇಳಿದವನು ಒಬ್ಬನೇ ಮುಂದೆ ನಡೆಯಬೇಕು. ಕವಲು ಸಿಕ್ಕಿ ಅನುಮಾನ ಬಂದರೆ ತಿರುಗಿ ಬಂದು ಕೇಳಲು ಹೇಳಿದವನು ಅಲ್ಲೇ ಕೂತಿರುವುದಿಲ್ಲ. ಅದಕ್ಕಾಗಿಯೇ ನಮ್ಮೂರಿನವರು ತಮ್ಮ ಮಾತಿನ ಕೊನೆಯಲ್ಲಿ ಇನ್ನೊಬ್ಬರ ಮಾತಿಗೆ ಜಾಗ ಬಿಟ್ಟಿರುತ್ತಾರೆ. ಗುರುತು ಪರಿಚಯ ಇಲ್ಲದವರಿಗೆ ನಾವು ಹೇಳುವ ಯಾವ ಸಲಹೆಗೂ ಇದೇ ಅಳತೆ ಎಂದು ನಾನು ನಂಬಿದ್ದೇನೆ. ನಾವು ಜೊತೆಯಲ್ಲಿಲ್ಲದಾಗ ಅವರೇ ಪರೀಕ್ಷಿಸಿ ನೋಡಿಕೊಳ್ಳುವಂಥದ್ದೇನಾದರೂ ಆ ಮಾತಿನೊಳಗೆ ಇರಬೇಕು.

ಕನ್ನಡದಲ್ಲಿ ‘ಬುದ್ಧಿ ಹೇಳುವುದು’ ಎಂದೊಂದು ಮಾತಿದೆ, ‘ದಾರಿ ಹೇಳುವುದು’ ಎಂದು ಇನ್ನೊಂದಿದೆ. ಬುದ್ಧಿ ಹೇಳುವವರು ಕೊಂಚ ಎತ್ತರದಲ್ಲಿ ನಿಂತಿರುತ್ತಾರೆ. ಅದಕ್ಕೆ ನೆಂಟಸ್ತಿಕೆಯೋ ವಯಸ್ಸಿನ ಸಲಿಗೆಯೋ ಬೇಕು. ದಾರಿ ಹೇಳುವವರು ಕೇಳಿದವರ ಪಕ್ಕದಲ್ಲಿ, ಅದೇ ರಸ್ತೆಯ ಮೇಲೆ, ಅವರು ಹೋಗಬೇಕಾದ ದಿಕ್ಕಿಗೇ ಮುಖ ಮಾಡಿ ನಿಂತಿರುತ್ತಾರೆ.

ಅಪ್ಪ ಹಾಗೆ ನಿಲ್ಲುತ್ತಿದ್ದರು. ಒಂದು ವರ್ಷ ಮೇ ತಿಂಗಳ ಕೊನೆಯಲ್ಲಿ ಪೇಟೆಯ ಗೊಬ್ಬರದ ಅಂಗಡಿಗೆ ಅವರ ಜೊತೆ ಹೋಗಿದ್ದೆ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲ. ಅಂಗಡಿಯ ತುಂಬ ಮೈಲುತುತ್ತದ ಚೀಲಗಳು. ಸೋದರಮಾವನ ತೋಟವನ್ನು ಹೊಸದಾಗಿ ವಹಿಸಿಕೊಂಡಿದ್ದ ಹುಡುಗನೊಬ್ಬ ಎಷ್ಟು ಕೊಳ್ಳಬೇಕೆಂದು ತಿಳಿಯದೆ ನಿಂತಿದ್ದ. ಅಪ್ಪ ಅವನನ್ನು ಮೊದಲು ಕೇಳಿದರು: “ಎಷ್ಟು ತೋಟ ತಮ್ಮಾ? ತಗ್ಗಿನದೋ, ಬಿಸಿಲು ಬೀಳ್ತದೋ? ಸುಣ್ಣ ಎಲ್ಲಿಂದ ತಂದೆ, ಹೊಸದೋ ಹಳೇದೋ?” ಹುಡುಗ ಒಂದೊಂದಕ್ಕೂ ಉತ್ತರ ಕೊಟ್ಟ ಮೇಲೆ ಅಳತೆ ಹೇಳಿದರು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಇನ್ನೊಂದು 50 ಲೀಟರಿನಲ್ಲಿ ಕದಡಬೇಕು. ಮೈಲುತುತ್ತದ ನೀರನ್ನೇ ಸುಣ್ಣದ ನೀರಿಗೆ ಸುರಿಯಬೇಕು, ಸುರಿಯುತ್ತಲೇ ಕಡೆಯಬೇಕು. ಕಬ್ಬಿಣದ ಪಾತ್ರೆ ಕೂಡದು. ಮಾಡಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು.

ಹುಡುಗ ತಲೆಯಾಡಿಸಿದ. ಅಪ್ಪ ಅಷ್ಟಕ್ಕೆ ಬಿಡಲಿಲ್ಲ. “ಚೆನ್ನಾಗಿ ಉಜ್ಜಿದ ಚಾಕು ಒಂದನ್ನು ಅದ್ದಿ ನೋಡು. ಅಲಗು ಕೆಂಪಗಾದ್ರೆ ಸುಣ್ಣ ಸಾಲದು ಅಂತ, ಇನ್ನಷ್ಟು ಹಾಕು. ನಾನು ಹೇಳಿದ ಲೆಕ್ಕ ಸರಿಯೇ, ಆದ್ರೆ ನಿನ್ನ ಸುಣ್ಣ ಹೆಂಗಿದೆಯೋ ನಂಗೇನು ಗೊತ್ತು? ಚಾಕು ಹೇಳಿದಂಗೆ ಮಾಡು.”

ನಾನಾಗ ಹೈಸ್ಕೂಲಿನಲ್ಲಿದ್ದೆ. ತಮ್ಮ ಮಾತಿಗಿಂತ ಚಾಕುವಿನ ಮಾತು ಮೇಲೆಂದು ಅಪ್ಪ ಆ ಅಪರಿಚಿತ ಹುಡುಗನಿಗೆ ಹೇಳಿದ್ದು ನನಗೆ ವಿಚಿತ್ರವಾಗಿ ಕಂಡಿತ್ತು. ಸಲಹೆಯಲ್ಲಿ ಪ್ರೀತಿ ಇರುವುದು ಎಲ್ಲಿ ಎಂದು ಈಗ ಯಾರಾದರೂ ಕೇಳಿದರೆ ಆ ಅಂಗಡಿ ಕಣ್ಣ ಮುಂದೆ ಬರುತ್ತದೆ.

ಆ ಔಷಧಿಯ ಕಥೆಯೇ ಗುರುತಿಲ್ಲದವರು ಒಬ್ಬರಿಗೊಬ್ಬರು ದಾಟಿಸಿದ ಕಥೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನದಿರಲೆಂದು ರೈತರು ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಎರಚುತ್ತಿದ್ದರು. ಅಲ್ಲಿನ ಸಸ್ಯವಿಜ್ಞಾನಿ ಮಿಲಾರ್ಡೆ ಹಾಗೆ ಎರಚಿದ ಬಳ್ಳಿಗಳಿಗೆ ಬೂಷ್ಟು ರೋಗ ತಗುಲದಿದ್ದುದನ್ನು ಕಂಡು, ಪರೀಕ್ಷಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ಅದನ್ನು ನಮ್ಮ ಕಡೆಯ ಅಡಿಕೆ ಕೊನೆಯವರೆಗೆ ತಂದವರಲ್ಲಿ ಮುಖ್ಯರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಮೇಲೆ ಬರೆದರು. ಅದಕ್ಕೂ ಮುಂಚೆ ಹಾಳೆಯ ಕೊಟ್ಟೆಯನ್ನು ಕೊನೆಗೆ ಟೋಪಿಯಂತೆ ಕಟ್ಟಿ ಮಳೆ ತಪ್ಪಿಸುವುದೇ ರೂಢಿ. ಸುರಿಯುವ ಮಳೆಯ ಸೀಮೆಗೆ ಎಲ್ಲಿಂದಲೋ ಬಂದ ಮನುಷ್ಯನೊಬ್ಬ ಮೊದಲು ತೋಟ ನೋಡಿದ, ಕೊಳೆತು ಉದುರಿದ ಕಾಯಿ ನೋಡಿದ, ಆಮೇಲೆ ಮಾತಾಡಿದ. ಆ ಕ್ರಮಕ್ಕೆ ನನ್ನ ಗೌರವ ಇದೆ.

ಹೊರಗಿನವರೇ ಬಂದು ಹೇಳಬೇಕೆಂದೇನೂ ಇಲ್ಲ. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಶುರುವಾಯಿತು. ಕೃಷಿಕರ ಕೈಗೆ ಲೇಖನಿ ಕೊಡುವುದೇ ಅದರ ಹಟ. ತೋಟದಲ್ಲಿ ದುಡಿಯುವವನೇ ತಾನು ಮಾಡಿ ನೋಡಿದ್ದನ್ನು ಬರೆಯುತ್ತಾನೆ, ಅದನ್ನು ಓದುವುದು ಅವನು ಎಂದೂ ಮುಖ ನೋಡದ ಇನ್ನೊಬ್ಬ ರೈತ. ನನ್ನ ಪ್ರಕಾರ ಕನ್ನಡದಲ್ಲಿ ನಡೆದ ದೊಡ್ಡ ಕೆಲಸಗಳಲ್ಲಿ ಅದೂ ಒಂದು.

ಸಲಹೆ ಅತ್ತ ಇತ್ತ ಹಾರಾಡುವ ಜಾಗವೆಂದರೆ ರೈಲಿನ ಡಬ್ಬಿ. ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ಒಮ್ಮೆ ಎದುರಿನ ಸೀಟಿನ ತಾಯಿಯ ಮಡಿಲಲ್ಲಿ ಎರಡು ತಿಂಗಳ ಕೂಸು. ಶಿವಮೊಗ್ಗ ದಾಟಿದ ಮೇಲೆ ಅಳಲು ಶುರುಮಾಡಿತು. ಅಕ್ಕಪಕ್ಕದವರೆಲ್ಲ ಎದ್ದರು. ದೃಷ್ಟಿಯಾಗಿದೆ ಎಂದರೊಬ್ಬರು. ಗ್ರೈಪ್ ವಾಟರ್ ಇಲ್ಲವೇ ಎಂದರು ಮತ್ತೊಬ್ಬರು. ಒಂದು ಹನಿ ಜೇನುತುಪ್ಪ ನೆಕ್ಕಿಸಿ ಎಂದಿತು ಮೇಲಿನ ಬರ್ತಿನ ದನಿ. ಎಲ್ಲರಿಗೂ ಮರುಕವಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ನಂಜಾಗಬಲ್ಲದು. ಆರು ತಿಂಗಳವರೆಗೆ ತಾಯಿಹಾಲಲ್ಲದೆ ನೀರು ಕೂಡ ಬೇಡವೆಂದೇ ವೈದ್ಯರು ಹೇಳುವುದು. ಇದನ್ನು ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆ ಹುಡುಗಿಯ ಕಣ್ಣು ತುಂಬಿದ್ದು ಕಂಡಿತು. ಆಗಲೇ ನಾಲ್ಕು ಜನ ಅವಳಿಗೆ ಏನೇನೋ ಹೇಳಿದ್ದರು. ಐದನೆಯವಳಾಗಿ ನಾನು ಜೋರು ಮಾಡಿದರೆ ಅವಳಿಗೆ ಮತ್ತಷ್ಟು ಹೊರೆ.

ಕಿಟಕಿಯ ಹತ್ತಿರ ಕೂತಿದ್ದ ಮುದುಕಿಯೊಬ್ಬರು ಅಷ್ಟು ಹೊತ್ತು ಸುಮ್ಮನಿದ್ದವರು ಮೆಲ್ಲಗೆ ಕೇಳಿದರು. “ಯಾವಾಗ ಹಾಲು ಕುಡಿಸಿದೆ ಮಗಾ?”

“ಈಗ, ಅರ್ಧ ಗಂಟೆ ಆಯ್ತು ಅಜ್ಜಿ.”

“ತೇಗಿಸಿದ್ಯಾ?”

ರೈಲಿನ ನೂಕಾಟದಲ್ಲಿ ಹುಡುಗಿ ಮರೆತಿದ್ದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಸ್ವಲ್ಪ ಹೊತ್ತಿಗೆ ತೇಗು ಬಂತು, ಅಳು ಇಳಿಯಿತು. “ಇಷ್ಟಕ್ಕೂ ನಿಲ್ಲದೆ ಹೋದ್ರೆ, ಮೈ ಬಿಸಿಯಾದ್ರೆ, ಇಳಿದ ಕೂಡಲೇ ಡಾಕ್ಟರ ಹತ್ರ ಹೋಗು” ಎಂದರು ಅಜ್ಜಿ. ಅವರದೂ ಅದೇ ಮಾತು, ಅಲ್ಲಿ ಹೋಗಿ ಮತ್ತೆ ಕೇಳು. ಜೇನಿನ ವಿಷಯವನ್ನು ನಾನು ಬೆಳಿಗ್ಗೆ, ಕೂಸು ನಿದ್ದೆಯಲ್ಲಿದ್ದಾಗ, ಅವಳೊಬ್ಬಳಿಗೇ ಕೇಳುವಂತೆ ಹೇಳಿದೆ. ಮಗುವಿನ ಡಾಕ್ಟರನ್ನು ಕೇಳಿ ನೋಡು ಎಂದೂ ಸೇರಿಸಿದೆ.

ಇಂಥ, ಒಳಗೇ ಪರೀಕ್ಷೆ ಇಟ್ಟುಕೊಂಡ ಮಾತುಗಳನ್ನು ನಾನು ಮನಸ್ಸಿನಲ್ಲಿ ಕೂಡಿಡುತ್ತೇನೆ. ವಾಂತಿಭೇದಿಯಾದವರಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಇರಬಾರದು, ಬಾಯಿಮಟ್ಟಕ್ಕೆ ಸವರಿರಬೇಕು. ನರ್ಸಮ್ಮನೊಬ್ಬರು ಜಾತ್ರೆಯಲ್ಲಿ ಒಬ್ಬ ತಾಯಿಗೆ ಇದನ್ನು ಹೇಳಿ, “ಮೊದಲು ನೀವು ನಾಲಗೆಗೆ ಹಚ್ಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ರೆ ಚೆಲ್ಲಿ ಬೇರೆ ಮಾಡಿ” ಎಂದಿದ್ದು ಕೇಳಿಸಿಕೊಂಡೆ. ಕಣ್ಣೀರಿನ ರುಚಿ ಗೊತ್ತಿಲ್ಲದ ತಾಯಿ ಯಾರಿದ್ದಾರೆ? ಅಡುಗೆ ಸಿಲಿಂಡರಿನ ಬಾಯಲ್ಲಿ ಗ್ಯಾಸ್ ಸೋರುತ್ತಿದೆಯೋ ಎಂಬ ಅನುಮಾನಕ್ಕೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದೂ ಹೀಗೆಯೇ. ವಾಸನೆ ಜೋರಾಗಿದ್ದರೆ ಲೈಟಿನ ಸ್ವಿಚ್ಚು ಮುಟ್ಟದೆ, ಬಾಗಿಲು ಕಿಟಕಿ ತೆಗೆದು ಹೊರಬಂದು 1906ಕ್ಕೆ ಫೋನ್ ಮಾಡಬೇಕು.

ಇದನ್ನೆಲ್ಲ ನಾನು ಇಷ್ಟು ಹಚ್ಚಿಕೊಂಡು ಯೋಚಿಸುವುದಕ್ಕೆ ಕಾರಣ ಬ್ಯಾಂಕಿನಲ್ಲಿ ಕಂಡ ಒಬ್ಬ ಹಿರಿಯರು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದರು, ಕೈಯಲ್ಲಿ ಠೇವಣಿಯ ರಸೀದಿ. ಅವಧಿ ಮುಗಿಯುವ ಮೊದಲೇ ಅದನ್ನು ಮುರಿಸಬೇಕಿತ್ತು. ಚಲನ್ ಬರೆದುಕೊಡಮ್ಮಾ ಎಂದು ಕೇಳಿದರು. ಬರೆಯುವಾಗ ನೋಡಿದೆ, ಅಂಗಿಯ ಜೇಬಿನಲ್ಲಿ ಫೋನಿನ ಕರೆ ಚಾಲ್ತಿಯಲ್ಲೇ ಇತ್ತು. ಬೆರಳು ನಡುಗುತ್ತಿತ್ತು. ಯಾರಿಗೂ ಹೇಳಬಾರದು, ಫೋನ್ ಇಡಬಾರದು ಎಂದು ಆ ಕಡೆಯವರು ಕಟ್ಟಪ್ಪಣೆ ಮಾಡಿದ್ದರು. ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಲ್ಲಿ ಪೊಲೀಸರಂತೆ ಮಾತಾಡಿ ಹೆದರಿಸಿ ಹಣ ಕೀಳುವ ವಂಚನೆ ಅದು. ಅಂಥದ್ದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ನನ್ನ ಮಾತು ನಂಬಿ ಎಂದು ಅವರಿಗೆ ಹೇಳಲು ಮನಸ್ಸಾಗಲಿಲ್ಲ. ಫೋನಿನಲ್ಲಿದ್ದವನೂ ಅದನ್ನೇ ಹೇಳುತ್ತಿದ್ದ, ನಾನೂ ಅವರಿಗೆ ಅಪರಿಚಿತಳೇ. ಚಲನ್ನಿನ ಹಿಂಬದಿಯಲ್ಲಿ “ಇದು ಮೋಸ ಇರಬಹುದು. ಮ್ಯಾನೇಜರನ್ನು ಕೇಳೋಣ, ಬನ್ನಿ” ಎಂದು ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಹಿಂದೆ ಬಂದರು. ಮ್ಯಾನೇಜರು ಕರೆ ಕಡಿಯಿಸಿ, ಕೂರಿಸಿ, ನೀರು ಕೊಟ್ಟು, ಸೈಬರ್ ವಂಚನೆಯ ದೂರಿಗಿರುವ 1930ಕ್ಕೆ ಅವರಿಂದಲೇ ಫೋನ್ ಮಾಡಿಸಿದರು. ವಂಚಕನ ಸಲಹೆಯ ಗುರುತು ನನಗೆ ಸ್ಪಷ್ಟವಾಗಿ ಕಂಡದ್ದು ಅವತ್ತು. ಬೇರೆ ಯಾರನ್ನೂ ಕೇಳಬೇಡ ಎನ್ನುತ್ತದೆ ಅದು. ನಮ್ಮೂರಿನ ಸಂಕದ ಬಳಿ ಹೇಳುವ ಮಾತಿಗೆ ನೇರ ಎದುರು.

ನಾನು ತಪ್ಪು ದಾರಿ ಹೇಳಿದ್ದೂ ಇದೆ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ವಯಸ್ಸಾದ ಗಂಡಹೆಂಡತಿ ಚಿಕ್ಕಮಗಳೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಾಗ, ಹಿಂದೆ ನಾನು ಹತ್ತುತ್ತಿದ್ದ ಜಾಗವನ್ನೇ ಕೈತೋರಿ ಕಳಿಸಿದೆ. ತಡೆದು ನೋಡುವ ವ್ಯವಧಾನ ಇರಲಿಲ್ಲ. ಅವರು ಗಂಟುಮೂಟೆ ಹೊತ್ತು ಜನರ ನಡುವೆ ಮರೆಯಾದ ಮೇಲೆ, ಆ ಬಸ್ಸುಗಳ ಅಂಕಣ ಬದಲಾದದ್ದು ಫಲಕದಲ್ಲಿ ಕಂಡಿತು. ಓಡಿಹೋಗಿ ಹುಡುಕಿದೆ. ಸಿಗಲಿಲ್ಲ. ಸಂಜೆಗತ್ತಲು, ಹನಿ ಬೇರೆ ಬೀಳುತ್ತಿತ್ತು. ಅವರು ಬಸ್ಸು ಹತ್ತಿದರೋ, ರಾತ್ರಿಯೆಲ್ಲ ಅಲ್ಲೇ ಕೂತರೋ, ನನಗೆ ಎಂದಿಗೂ ತಿಳಿಯುವುದಿಲ್ಲ. ಅಪ್ಪ ಇದ್ದಿದ್ದರೆ ಜೊತೆಯಲ್ಲೇ ನಡೆದು ಹೋಗುತ್ತಿದ್ದರು.

2023ರ ಜೂನ್ 11ರಂದು ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಆ ನಿಲ್ದಾಣದಲ್ಲಿ ಒಬ್ಬೊಬ್ಬರೇ ಹೊರಟ ಹೆಂಗಸರು ಎಷ್ಟೊಂದು ಕಾಣುತ್ತಾರೆ. ಎಷ್ಟೋ ಜನಕ್ಕೆ ಅದೇ ಮೊದಲ ದೂರದ ಪ್ರಯಾಣ. ಕೇಳುವವರೂ ಹೆಚ್ಚು. ಐರಾವತ, ರಾಜಹಂಸಕ್ಕೆ ಟಿಕೆಟ್ ಕೊಳ್ಳಬೇಕು, ಕೆಂಪು ಬಸ್ಸಿಗೆ ಬೇಡ, ಗುರುತಿನ ಚೀಟಿ ಕೈಯಲ್ಲಿಟ್ಟುಕೊಳ್ಳಿ ಎಂದು ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಕಳೆದ ತಿಂಗಳು ಒಬ್ಬಳು ಹುಡುಗಿ ಧರ್ಮಸ್ಥಳದ ಬಸ್ಸು ಕೇಳಿದಳು. ನನಗೆ ಗೊತ್ತಿತ್ತು, ಆದರೂ ವಿಚಾರಣೆಯ ಕಿಟಕಿಗೆ ಕರೆದುಕೊಂಡು ಹೋಗಿ ಅವಳಿಂದಲೇ ಕೇಳಿಸಿದೆ. ಅಂಕಣದಲ್ಲಿ ನಿಂತಿದ್ದ ಬಸ್ಸಿನ ಫಲಕ ಓದಿದಳು, ಕಂಡಕ್ಟರನ್ನೂ ಕೇಳಿದಳು, ಹತ್ತಿದಳು. ನಾನು ಕೆಳಗೇ ನಿಂತಿದ್ದೆ. ಬಸ್ಸು ಹಿಂದೆ ಸರಿಯುವ ಹೊತ್ತಿಗೆ ಬುಟ್ಟಿ ಹಿಡಿದ ಹೆಂಗಸೊಬ್ಬರು ಓಡೋಡಿ ಬಂದು ಕಿಟಕಿಯತ್ತ ಮುಖವೆತ್ತಿ, “ಇದು ಎಲ್ಲಿಗವ್ವಾ?” ಎಂದರು. ಹುಡುಗಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, “ಧರ್ಮಸ್ಥಳಕ್ಕೆ ಅಮ್ಮಾ. ನಿಮಗೆಲ್ಲಿಗೆ ಹೋಗಬೇಕು?” ಎಂದು ಕೇಳುತ್ತಿದ್ದಳು.