ಮಹಾಮಾರಿಯ ಕಾಲದ ಮಕ್ಕಳ ಚಿಕಿತ್ಸಾಲಯ ಮತ್ತು ಅಪ್ರಮಾದ ಧರ್ಮ

ಅಹಿಂಸೆಯೆಂದರೆ ಕೊಲ್ಲದಿರುವುದು ಎಂಬ ಅರ್ಥ ಲೋಕರೂಢಿಯಲ್ಲಿದೆ. ಜೈನಾಚಾರ್ಯರು ಈ ಶಬ್ದವನ್ನು ಅಷ್ಟಕ್ಕೇ ನಿಲ್ಲಿಸಿಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನೂ, ಅಂದರೆ ಎಚ್ಚರಗೇಡಿತನವನ್ನೂ, ಸೇರಿಸಿದ್ದಾರೆ. ಅದೇ ಗ್ರಂಥವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕೊಯ್ಯುವುದು ಎಂಬ ಮೊದಲ ಮೂರು ದೋಷಗಳು ಕಣ್ಣಿಗೆ ಕಾಣುವಂಥವು. ನಾಲ್ಕನೆಯದು ಹೊರಲಾರದ ಭಾರವನ್ನು ಹೇರುವುದು. ಐದನೆಯದು ಆಶ್ರಿತ ಜೀವಿಗೆ ಸಲ್ಲಬೇಕಾದುದನ್ನು ಸಲ್ಲಬೇಕಾದ ಹೊತ್ತಿನಲ್ಲಿ ಕೊಡದಿರುವುದು. ಕೈಯಿಂದ ಏನನ್ನೂ ಮಾಡದೆ ಸುಮ್ಮನಿದ್ದರೂ ಅಹಿಂಸಾವ್ರತಕ್ಕೆ ಕುಂದು ಬರಬಹುದೆಂದು ಈ ಐದನೆಯ ಅತಿಚಾರ ತಿಳಿಸುತ್ತದೆ.

ಪಶುಗಳೂ ಸೇವಕರೂ ಇದ್ದ ಗೃಹಸ್ಥನ ಮನೆಯನ್ನು ಮುಂದಿಟ್ಟುಕೊಂಡು ಹೇಳಿದ ಈ ಮಾತು 2020ನೆಯ ಇಸವಿಯಲ್ಲಿ ವೈದ್ಯರ ಬಾಗಿಲಿಗೆ ಬಂದು ನಿಂತಿತು. ಆ ವರ್ಷದ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಕೊರೋನಾದಿಂದಾದ ಮೊದಲ ಮರಣ ಅದು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿದ ಮೇಲೆ ಮೈಸೂರು ಜಿಲ್ಲೆಯ ಆತಂಕ ಹೆಚ್ಚಿತು. ಮೇ ತಿಂಗಳ ಆರಂಭದಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಪಟ್ಟಿಯಲ್ಲಿ ರಾಜ್ಯದ ಕೆಂಪು ವಲಯಗಳೆಂದು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಮೈಸೂರು ಜಿಲ್ಲೆಗಳಿದ್ದವು. ಚಿಕಿತ್ಸಾಲಯಗಳಿಗೆ ದಿಗ್ಬಂಧನದಿಂದ ವಿನಾಯಿತಿ ಇತ್ತು. ತೆರೆಯುವುದೋ ಮುಚ್ಚುವುದೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕಾಗಿತ್ತು.

ಮೈಸೂರಿನ ಹಳೆಯ ಬಡಾವಣೆಗಳಲ್ಲೊಂದಾದ ಲಕ್ಷ್ಮೀಪುರಂನ ಮಕ್ಕಳ ಚಿಕಿತ್ಸಾಲಯವೊಂದನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಹೆಸರು ಮುಖ್ಯವಲ್ಲ, ಆ ದಿನಗಳಲ್ಲಿ ಊರಿನ ಹಲವು ಚಿಕಿತ್ಸಾಲಯಗಳ ಪಾಡು ಇದೇ ಆಗಿತ್ತು. ಮನೆಯ ಮುಂಭಾಗವನ್ನೇ ಬಿಟ್ಟುಕೊಟ್ಟ ಎರಡು ಕೋಣೆ, ಒಂದು ಜಗಲಿ, ಗೋಡೆಯುದ್ದಕ್ಕೂ ಬೆಂಚು, ಮೂಲೆಯಲ್ಲಿ ಆಟಿಕೆಯ ಬುಟ್ಟಿ. ದೊಡ್ಡವರ ಚಿಕಿತ್ಸಾಲಯಕ್ಕೆ ಕಾಯಿಲೆಯವರು ಮಾತ್ರ ಬರುತ್ತಾರೆ. ಮಕ್ಕಳ ಚಿಕಿತ್ಸಾಲಯಕ್ಕೆ ಕಾಯಿಲೆಯ ಮಗುವೂ ಬರುತ್ತದೆ, ಚುಚ್ಚುಮದ್ದಿಗಾಗಿ ಆರೋಗ್ಯವಂತ ಮಗುವೂ ಬರುತ್ತದೆ. ಒಂದೊಂದು ಮಗುವಿನ ಹಿಂದೆ ತಾಯಿ, ಅಜ್ಜಿ, ಕೆಲವೊಮ್ಮೆ ಸೋದರಮಾವ. ಇವರೆಲ್ಲ ಒಂದೇ ಬೆಂಚಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕುಳಿತುಕೊಳ್ಳುವ ಪದ್ಧತಿ ಆ ಮಾರ್ಚಿನಲ್ಲಿ ಅಪಾಯಕಾರಿಯಾಯಿತು. ಹಾಗೆಯೇ ನಡೆಸಿದರೆ ಪ್ರಮಾದ. ಬೀಗ ಹಾಕಿದರೆ ನಿರೋಧ. ಎರಡಕ್ಕೂ ಸಿಕ್ಕದೆ ನಡೆಯುವ ದಾರಿಯನ್ನು ವೈದ್ಯರು ಹುಡುಕಬೇಕಾಯಿತು.

ಆ ದಾರಿ ಸಣ್ಣ ಸಣ್ಣ ಏರ್ಪಾಡುಗಳಿಂದ ಕೂಡಿದ್ದಿತು. ಮೊದಲನೆಯದು ಕಾಲವಿಭಾಗ. ಬೆಳಗಿನ ಮೊದಲ ಹೊತ್ತು ಚುಚ್ಚುಮದ್ದಿನ ಕೂಸುಗಳಿಗೆ. ಜ್ವರ, ಕೆಮ್ಮಿನ ಮಕ್ಕಳಿಗೆ ಅನಂತರದ ಹೊತ್ತು. ಎರಡರ ನಡುವೆ ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು ನೆಲವನ್ನೂ ಮೇಜನ್ನೂ ಒರೆಸುವ ಬಿಡುವು. ಎರಡನೆಯದು ದೂರವಾಣಿಯಲ್ಲಿ ಹೊತ್ತು ಗೊತ್ತುಮಾಡಿಕೊಂಡು ಬರುವ ನಿಯಮ. ಮೂರನೆಯದು ಮಗುವಿನೊಡನೆ ಒಬ್ಬರೇ ಬರಬೇಕು, ಅಜ್ಜ ಅಜ್ಜಿಯರು ಮನೆಯಲ್ಲಿರಬೇಕು ಎಂಬ ಕಟ್ಟಳೆ. ಆಟಿಕೆಯ ಬುಟ್ಟಿ ಅಟ್ಟ ಸೇರಿತು. ಬೆಂಚು ಜಗಲಿಯಿಂದ ಅಂಗಳಕ್ಕೆ, ಮರದ ನೆರಳಿಗೆ ಬಂದಿತು. ಮುಖಗವಸು, ಕನ್ನಡಕಗಳ ಹಿಂದೆ ಅಡಗಿದ ಮುಖವನ್ನು ಕಂಡು ಮಗು ಚೀರುವುದನ್ನು ನೋಡಿ, ವೈದ್ಯರು ಅಂಗಳದ ಆ ತುದಿಯಲ್ಲಿ ನಿಂತು ಕ್ಷಣಮಾತ್ರ ಗವಸನ್ನು ಇಳಿಸಿ ನಕ್ಕು, ಮತ್ತೆ ಕಟ್ಟಿಕೊಂಡು ಹತ್ತಿರ ಬರುವುದನ್ನು ರೂಢಿಮಾಡಿಕೊಂಡರು.

ಸ್ಥಾನಕವಾಸಿ ಮತ್ತು ತೇರಾಪಂಥದ ಸಾಧುಸಾಧ್ವಿಯರ ಮುಖವಸ್ತ್ರಿಕೆಯನ್ನು ಕಂಡ ಕುಟುಂಬಗಳಿಗೆ ಬಾಯಿ ಮುಚ್ಚುವ ಬಟ್ಟೆ ಹೊಸದಲ್ಲ. ಅದನ್ನು ಕಟ್ಟಿಕೊಳ್ಳುವುದು ಪರಜೀವಿಗೆ ತನ್ನ ಉಸಿರಿನಿಂದ ಬಾಧೆಯಾಗದಿರಲೆಂದು. ನೀರನ್ನು ಸೋಸಿ ಕುಡಿಯುವ ಮನೆಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳ ವಿಚಾರವನ್ನು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ತನ್ನ ಭಯಕ್ಕಾಗಿ ಗವಸನ್ನು ಕಟ್ಟಿಕೊಂಡವರು ಭಯ ಇಳಿದೊಡನೆ ಅದನ್ನು ಗದ್ದಕ್ಕೆ ಇಳಿಸಿದರು. ಎದುರಿನವರಿಗಾಗಿ ಕಟ್ಟಿಕೊಂಡವರು ಚಿಕಿತ್ಸಾಲಯದ ಮೆಟ್ಟಿಲಿಳಿಯುವವರೆಗೂ ಅದನ್ನು ತೆಗೆಯಲಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯವು 2020ರ ಮಾರ್ಚ್ 25ರಂದೇ ದೂರವೈದ್ಯಕೀಯದ ಮಾರ್ಗಸೂಚಿಯನ್ನು ಹೊರಡಿಸಿತು. ದೂರವಾಣಿಯ ಮೂಲಕ ಸಲಹೆ ಕೊಡುವುದಕ್ಕೆ ಸ್ಪಷ್ಟವಾದ ಕಟ್ಟುಪಾಡು ಆಗ ದೊರೆಯಿತು. ಅಪ್ರಾಪ್ತ ವಯಸ್ಕರ ವಿಷಯದಲ್ಲಿ, ಗುರುತು ಖಚಿತವಾದ ಹಿರಿಯರೊಬ್ಬರು ಮಗುವಿನೊಡನೆ ಇರಲೇಬೇಕೆಂದು ಅದು ವಿಧಿಸಿತು. ಇದರಿಂದ ಬಹಳ ಉಪಕಾರವಾಯಿತು. ನೆಗಡಿಗೋ ಮೈಮೇಲಿನ ಗುಳ್ಳೆಗೋ ಮಗುವನ್ನು ಹೊರಗೆ ಒಯ್ಯುವುದು ತಪ್ಪಿತು. ಆದರೆ ದೂರವಾಣಿಯು ಮಗುವಿನ ಎದೆಗೆ ಕಿವಿಗೊಡಲಾರದು, ಅದನ್ನು ತೂಗಲಾರದು. ಆದಕಾರಣ ವೈದ್ಯರು ತಾಯಂದಿರಿಗೆ ಎಣಿಸುವುದನ್ನು ಕಲಿಸಿದರು. ಮಗು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲಕ್ಕೆತ್ತಿ ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳ ಕೂಸಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40. ಎಣಿಕೆ ಇಷ್ಟನ್ನು ಮುಟ್ಟಿದರೆ ಅಥವಾ ಮೀರಿದರೆ ತಡಮಾಡದೆ ಕರೆತರಬೇಕು. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ಮಂಕಾಗಿ ಎಚ್ಚರಗೊಳ್ಳದಿದ್ದರೆ ಎಣಿಕೆಗೂ ಕಾಯಬಾರದು. ಅಂತಹ ಮಕ್ಕಳನ್ನು ಆಸ್ಪತ್ರೆಗೇ ಕಳುಹಿಸಬೇಕಾಗುತ್ತಿತ್ತು. ಮೈಸೂರಿನಲ್ಲಿ ಹೆಂಗಸರು ಮಕ್ಕಳಿಗೆಂದೇ ಇರುವ ಚೆಲುವಾಂಬ ಆಸ್ಪತ್ರೆಯ ಬೆಲೆಯನ್ನು ಅನೇಕ ಸಂಸಾರಗಳು ಆಗ ಅರಿತವು.

ಇಷ್ಟೆಲ್ಲ ಏರ್ಪಾಡಾದರೂ ಒಂದು ತೊಡಕು ಉಳಿಯಿತು. ಕಾಯಿಲೆಯ ಮಗುವನ್ನು ಹೇಗಾದರೂ ಕರೆತರುತ್ತಿದ್ದ ಹಿರಿಯರು ಆರೋಗ್ಯವಂತ ಮಗುವನ್ನು ಕರೆತರಲೊಲ್ಲದಾದರು. ಒಬ್ಬ ಅಜ್ಜಿ ದೂರವಾಣಿಯಲ್ಲಿ ಹೇಳಿದರು: “ಡಾಕ್ಟ್ರೇ, ಮಗುವಿಗೆ ಒಂಬತ್ತು ತಿಂಗಳು ತುಂಬಿತು, ನಿಜ. ಆದರೆ ಈಗ ಆಚೆ ಕರೆದುಕೊಂಡು ಬಂದರೆ ಇಲ್ಲದ ಕಾಯಿಲೆಯನ್ನು ಅಂಟಿಸಿಕೊಂಡು ಹೋಗುತ್ತೇವೆ. ಎಲ್ಲ ಮುಗಿದ ಮೇಲೆ ಬರುತ್ತೇವೆ.” ವೈದ್ಯರು ಹೇಳಿದರು: “ಅಮ್ಮಾ, ಎಲ್ಲ ಮುಗಿಯುವುದು ಯಾವಾಗಲೋ ನನಗೂ ಗೊತ್ತಿಲ್ಲ. ದಡಾರಕ್ಕೆ ಅದು ಗೊತ್ತೂ ಬೇಕಾಗಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸೊಸೆಯ ಜೊತೆ ಕಳುಹಿಸಿ. ಆ ಹೊತ್ತಿನಲ್ಲಿ ಜ್ವರದ ಮಕ್ಕಳು ಯಾರೂ ಇರುವುದಿಲ್ಲ.” ಅಜ್ಜಿಯ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಆ ಪ್ರೀತಿ ಒಂದು ಅಪಾಯವನ್ನು ಮಾತ್ರ ನೋಡಿತ್ತು, ಇನ್ನೊಂದನ್ನು ನೋಡಿರಲಿಲ್ಲ.

ಆ ಇನ್ನೊಂದು ಅಪಾಯದ ಲೆಕ್ಕ ಮರುವರ್ಷ ಹೊರಬಿದ್ದಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2021ರ ಜುಲೈನಲ್ಲಿ ಪ್ರಕಟಿಸಿದ ಅಂಕಿಗಳಂತೆ, 2020ರಲ್ಲಿ ಜಗತ್ತಿನ 2 ಕೋಟಿ 30 ಲಕ್ಷ ಮಕ್ಕಳಿಗೆ ವಾಡಿಕೆಯ ಮೂಲ ಲಸಿಕೆಗಳು ತಪ್ಪಿದವು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಮೂರನೆಯ ಲಸಿಕೆಯನ್ನು ಪಡೆದ ಭಾರತದ ಮಕ್ಕಳ ಪ್ರಮಾಣ ಶೇಕಡಾ 91ರಿಂದ 85ಕ್ಕೆ ಇಳಿಯಿತು. ಈ ಲಸಿಕೆಯ ಮೊದಲನೆಯ ಸಲವೂ ದೊರೆಯದ ಮಕ್ಕಳು 2019ರಲ್ಲಿ ಸುಮಾರು 14 ಲಕ್ಷ ಇದ್ದವರು 2020ರಲ್ಲಿ 30 ಲಕ್ಷ ದಾಟಿದರು. 2022ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. ರಕ್ಷಣೆಯಿಲ್ಲದ ಸಮುದಾಯದಲ್ಲಿ ದಡಾರದ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ರೋಗ ತಗಲಬಹುದು. ಒಂದು ರೋಗಕ್ಕೆ ಹೆದರಿ ಮುಚ್ಚಿದ ಬಾಗಿಲು ಇನ್ನೊಂದು ರೋಗಕ್ಕೆ ತೆರೆದುಕೊಂಡಿತು.

ಲಸಿಕೆಯ ವಿಷಯದಲ್ಲಿ ಮೈಸೂರಿಗೆ ದೀರ್ಘವಾದ ಇತಿಹಾಸವಿದೆ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರವನ್ನು, ಸಿಡುಬಿನ ಲಸಿಕೆಯನ್ನು ಜನಕ್ಕೆ ಒಪ್ಪಿಸಲು ಬರೆಸಿದುದೆಂದು ಇತಿಹಾಸಕಾರರು ವಿವರಿಸಿದ್ದಾರೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. ಅನಂತರ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯನ್ನು ಸ್ಥಾಪಿಸಿ ಇಕ್ಕಟ್ಟಾದ ಊರಿಗೆ ಗಾಳಿ ಬೆಳಕಿನ ಬೀದಿಗಳನ್ನು ಕೊಡುವ ಕೆಲಸ ನಡೆಯಿತು. ಹಿಂದಿನವರು ಮಾರಿಗೆ ಹೆದರಿದರು. ಹೆದರಿಕೆ ಇಳಿದ ಮೇಲೂ ಕೆಲಸವನ್ನು ಕೈಬಿಡಲಿಲ್ಲ.

2021ರ ಎರಡನೆಯ ಅಲೆಯ ಹೊತ್ತಿಗೆ ಮತ್ತೊಂದು ಪರೀಕ್ಷೆ ಬಂದಿತು. ಮೂರನೆಯ ಅಲೆ ಮಕ್ಕಳನ್ನೇ ಹಿಡಿಯುವುದೆಂಬ ಮಾತು ಊರೂರಲ್ಲಿ ಹಬ್ಬಿ, ತಂದೆತಾಯಿಗಳು ಬಲವಾದ ಔಷಧಗಳನ್ನು ಕೇಳತೊಡಗಿದರು. ಆ ಜೂನ್ ತಿಂಗಳಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಮಾರ್ಗದರ್ಶನ ನೀಡಿ, ಮಕ್ಕಳಿಗೆ ರೆಮ್‌ಡೆಸಿವಿರ್ ಸಲ್ಲದೆಂದೂ ಐದು ವರ್ಷದೊಳಗಿನವರಿಗೆ ಮುಖಗವಸು ಬೇಡವೆಂದೂ ಹೇಳಿತು. ಮಕ್ಕಳಲ್ಲಿ ಹೆಚ್ಚಿನ ಸೋಂಕುಗಳು ಸೌಮ್ಯವಾಗಿಯೇ ಕಳೆದವು. ಸೋಂಕು ಕಳೆದ ಎರಡರಿಂದ ಆರು ವಾರಗಳಲ್ಲಿ ಕೆಲವೇ ಮಕ್ಕಳಿಗೆ ಬಿಡದ ಜ್ವರ, ಕೆಂಗಣ್ಣು, ಮೈಮೇಲೆ ಗಂಧೆ, ಹೊಟ್ಟೆನೋವುಗಳೊಡನೆ ಹಲವು ಅಂಗಗಳ ಉರಿಯೂತ ಕಾಣಿಸುತ್ತಿತ್ತು. ಅದನ್ನು ಬೇಗ ಗುರುತಿಸುವುದೇ ಮುಖ್ಯವಾಗಿತ್ತು. ಬೇಡದ ಔಷಧವನ್ನು ಬರೆಯದಿರುವುದೂ ಬೇಕಾದ ಎಚ್ಚರಿಕೆಯನ್ನು ಬಿಡದಿರುವುದೂ ವೈದ್ಯರ ಸಂಯಮವಾಯಿತು. ಬಂದವರು ಬರಿಗೈಯಲ್ಲಿ ಹೋದರೆಂಬ ಅಪವಾದವನ್ನು ಸಹಿಸುವುದು ಅದರ ಒಂದು ಭಾಗ.

ಶ್ರಾವಕ ಮನೆಗಳಲ್ಲಿ ಬೇರೊಂದು ಶಂಕೆಯೂ ಎದ್ದಿತು. ಕೋವ್ಯಾಕ್ಸಿನ್ ಲಸಿಕೆಯಲ್ಲಿ ಎಳಗರುವಿನ ರಕ್ತದ್ರವವಿದೆಯೆಂಬ ಸುದ್ದಿ 2021ರ ಜೂನ್‌ನಲ್ಲಿ ಹರಡಿತು. ಜೀವಕೋಶಗಳನ್ನು ಬೆಳೆಸುವ ಹಂತದಲ್ಲಿ ಮಾತ್ರ ಅದನ್ನು ಬಳಸುತ್ತಾರೆ, ಅನಂತರ ತೊಳೆದು ತೆಗೆಯುತ್ತಾರೆ, ಸಿದ್ಧ ಲಸಿಕೆಯಲ್ಲಿ ಅದಿರುವುದಿಲ್ಲ ಎಂದು ಆರೋಗ್ಯ ಸಚಿವಾಲಯವು ತಿಳಿಸಿತು. 2022ರ ಜನವರಿ 3ರಿಂದ 15ರಿಂದ 18 ವರ್ಷದೊಳಗಿನವರಿಗೆ ಅದೇ ಲಸಿಕೆಯನ್ನು ಕೊಡತೊಡಗಿದಾಗ ಪ್ರಶ್ನೆ ಮರಳಿ ಬಂದಿತು. ಈ ಶಂಕೆಯನ್ನು ನಕ್ಕು ತಳ್ಳಿಹಾಕಬಾರದು. ವ್ರತಿಗೆ ಅದು ಸಹಜವೇ. ಗೃಹಸ್ಥನ ಜೀವನದಲ್ಲಿ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳು ಪೂರ್ತಿಯಾಗಿ ತಪ್ಪುವುದಿಲ್ಲವೆಂದು ಒಪ್ಪಿಯೇ ಶಾಸ್ತ್ರಕಾರರು ಸಂಕಲ್ಪೀ ಹಿಂಸೆಯನ್ನು ಬಿಡಲು ಅವನಿಗೆ ಹೇಳಿದ್ದಾರೆ. ಲಸಿಕೆ ಹಾಕಿಸುವ ತಾಯಿಯಲ್ಲಿ ಯಾವ ಜೀವಿಯನ್ನೂ ನೋಯಿಸುವ ಸಂಕಲ್ಪವಿಲ್ಲ. ಪ್ರಾಣಿಜನ್ಯ ವಸ್ತುವಿಲ್ಲದೆ ಲಸಿಕೆ ತಯಾರಾಗಲೆಂದು ಒತ್ತಾಯಿಸುವುದು ಸಮಾಜದ ಕರ್ತವ್ಯ. ಅದು ಕೈಗೂಡುವವರೆಗೆ ಮಗುವನ್ನು ರೋಗಕ್ಕೆ ಒಡ್ಡುವುದು ಕರ್ತವ್ಯವಾಗಲಾರದು.

ಇನ್ನು ಅತಿಭಾರಾರೋಪಣದ ಮಾತು. ಚಿಕಿತ್ಸಾಲಯದ ಲೆಕ್ಕಪುಸ್ತಕವನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಅದು ಬೇಗ ತಿಳಿಯುತ್ತದೆ. ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟುದರಿಂದ ದಿನಕ್ಕೆ ನೋಡುವ ಮಕ್ಕಳ ಸಂಖ್ಯೆ ಇಳಿಯಿತು, ಆದಾಯವೂ ಇಳಿಯಿತು. ಬಾಡಿಗೆ, ವಿದ್ಯುತ್ತು, ಸಂಬಳ ಇಳಿಯಲಿಲ್ಲ. ಕೈಗವಸು, ಮುಖಗವಸುಗಳ ಹೊಸ ಖರ್ಚು ಸೇರಿತು. ಲಸಿಕೆಯನ್ನು 2ರಿಂದ 8 ಡಿಗ್ರಿ ಶಾಖದಲ್ಲಿ ಕಾಪಾಡಬೇಕು; ವಿದ್ಯುತ್ತು ಹೋದರೂ ಆ ನಿಯಮ ಸಡಿಲವಾಗದು. ದಾದಿಯೂ ಸಹಾಯಕಿಯೂ ಬಸ್ಸಿಲ್ಲದ ದಿನಗಳಲ್ಲಿ ನಡೆದು ಬಂದರು. ಮನೆಯಲ್ಲಿ ತಮ್ಮ ಮಕ್ಕಳನ್ನು ಬಿಟ್ಟು ಬೇರೆಯವರ ಮಕ್ಕಳನ್ನು ಎತ್ತಿಕೊಂಡರು. ಚಪ್ಪಾಳೆ ತಟ್ಟಿದ್ದರಿಂದ ಅವರ ಭಾರ ಇಳಿಯಲಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಎರಡು ಈ ಪ್ರಸಂಗಕ್ಕೆ ನೇರವಾಗಿ ಸಲ್ಲುತ್ತವೆ. ಜೈನ ಸಮಾಜವು ಈ ದಿಸೆಯಲ್ಲಿ ಹಿಂದುಳಿದಿಲ್ಲ. 2018ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಶ್ರವಣಬೆಳಗೊಳದಲ್ಲಿ ಬಾಹುಬಲಿ ಸಾರ್ವಜನಿಕ ಆಸ್ಪತ್ರೆಯ ಉದ್ಘಾಟನೆ ನಡೆದುದು ಎಲ್ಲರಿಗೂ ತಿಳಿದಿದೆ. ಆದರೆ ದೊಡ್ಡ ಕಟ್ಟಡಕ್ಕೆ ದೊರೆಯುವ ದಾನ ಸಣ್ಣ ಅಗತ್ಯಕ್ಕೆ ಸುಲಭವಾಗಿ ದೊರೆಯುವುದಿಲ್ಲ. ಸಹಾಯಕಿಯ ಆರು ತಿಂಗಳ ಸಂಬಳಕ್ಕೆ ಅಮೃತಶಿಲೆಯ ಫಲಕ ಹಾಕಿಸಲು ಬರುವುದಿಲ್ಲ. ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಅತ್ತಿಮಬ್ಬೆಯನ್ನು ನೆನೆಯುತ್ತಾರೆ. ಒಂದೊಂದು ಪ್ರತಿಯೂ ಒಂದೊಂದು ಮನೆಯ ಅಗತ್ಯವನ್ನು ತೀರಿಸಿತು. ಔಷಧದಾನಕ್ಕೂ ಆ ರೀತಿಯೇ ಒಪ್ಪುತ್ತದೆ.

ಬಸದಿಗಳ ವಿಶ್ವಸ್ತ ಮಂಡಳಿಗಳು ಮುಂದಿನ ಮಾರಿಗೆ ಕಾಯದೆ ಮಾಡಬಹುದಾದ ಕೆಲಸಗಳಿವೆ. 2020ರ ಜೂನ್ 8ರವರೆಗೆ ದೇವಾಲಯಗಳು ಮುಚ್ಚಿದ್ದಾಗ ಅವುಗಳ ಸಭಾಭವನಗಳೂ ಬರಿದಾಗಿದ್ದವು. ಹತ್ತಿರದ ಚಿಕಿತ್ಸಾಲಯಗಳಲ್ಲಿ ಮಾತ್ರ ಜಾಗವಿರಲಿಲ್ಲ. ಕಿಟಕಿಗಳುಳ್ಳ ಅಂತಹ ಭವನವನ್ನು ಚುಚ್ಚುಮದ್ದಿನ ದಿನಕ್ಕೆ ಬಿಟ್ಟುಕೊಡುವೆವೆಂದು ಆರೋಗ್ಯಾಧಿಕಾರಿಗಳಿಗೆ ಮೊದಲೇ ಬರೆದುಕೊಡಬಹುದು. ಲಸಿಕೆಯ ಶೀತಪೆಟ್ಟಿಗೆಗೂ ವಿದ್ಯುತ್ತು ಹೋದಾಗಿನ ವ್ಯವಸ್ಥೆಗೂ ಧನಸಹಾಯ ಮಾಡಬಹುದು. ಸಿರಿವಂತ ದೂರವಾಣಿಯಿಲ್ಲದ ಕೂಲಿಯವರ ಮಕ್ಕಳಿಗಾಗಿ ಭವನದಲ್ಲಿ ಒಂದು ಯಂತ್ರವನ್ನೂ ಅದನ್ನು ಬಳಸಿ ತೋರಿಸುವ ಒಬ್ಬ ಯುವಕನನ್ನೂ ಇರಿಸಬಹುದು. ಎಲ್ಲಕ್ಕಿಂತ ಸುಲಭವಾದುದು ಒಂದು ಪುಸ್ತಕ: ಬೀದಿಯ ಪ್ರತಿಯೊಂದು ಕೂಸಿನ ಹೆಸರು, ಹುಟ್ಟಿದ ದಿನ, ತಾಯಿ ಕಾರ್ಡಿನಲ್ಲಿ ಬಾಕಿಯಿರುವ ಲಸಿಕೆ. ಬಾಕಿ ವಸೂಲಿಯ ಖಾತೆಯನ್ನು ತಪ್ಪದೆ ಬರೆಯಬಲ್ಲ ಸಮಾಜಕ್ಕೆ ಈ ಖಾತೆ ಕಷ್ಟವಲ್ಲ. ಶ್ರಾವಿಕಾ ಸಂಘದ ಇಬ್ಬರು ತಿಂಗಳಿಗೊಮ್ಮೆ ಆ ಪುಸ್ತಕವನ್ನು ತೆರೆದು, ಬಾಕಿಯಿರುವ ಮನೆಗಳಿಗೆ ಹೋಗಿ, ತಾಯಂದಿರನ್ನು ಕರೆದುಕೊಂಡು ಬಂದರೆ ಸಾಕು.