ದಸರಾ ಸೂಟಿಯ ಹಗಲು ಗಾಡಿ

ದಸರಾ ಸೂಟಿ ಸಮೀಪ ಬಂತೆಂದರೆ ನಮ್ಮೂರು ಹುಡಗಿಯ ಮನೆಗಳಲ್ಲಿ ಚಹಾದ ಜೊತೆ ಒಂದು ಮಾತು ತಪ್ಪದೆ ಬರುತ್ತದೆ: ಈ ಸಲ ಎಲ್ಲಿಗೆ? ತಿರುಪತಿ ಆಯಿತು, ಶಿರಡಿ ಆಯಿತು, ಪಂಢರಪುರವಂತೂ ಪಕ್ಕದ ಓಣಿ ಇದ್ದಂಗೆ. ಹುಡುಗರು ಮೊಬೈಲಿನಲ್ಲಿ ಗುಡ್ಡದ ರೈಲು ತೋರಿಸಿ, "ಮಾಮಾ, ಇದ್ರಾಗ ಹೋಗೋಣ್ರಿ" ಎಂದು ಗಂಟು ಬೀಳುತ್ತಾರೆ. ತೊಗರಿ, ಸೋಯಾ, ಉದ್ದಿನ ಹೊಲಗಳ ನಡುವೆ ಬೆಳೆದವರಿಗೆ ಕಾಡು ಸೀಳಿಕೊಂಡು ಘಾಟ್ ಇಳಿಯುವ ರೈಲೆಂದರೆ ಆಸೆ ಹುಟ್ಟದೆ ಇದ್ದೀತೆ? ನನಗೂ ಆ ಹುಚ್ಚಿದೆ. ಹಾಗಾಗಿ ಗಾಡಿ ಆರಿಸುವ ಮಾತು ಬಂದಾಗ ನಾನು ಸುಮ್ಮನೆ ಕೂಡುವವನಲ್ಲ. ಊರಿನ ಹೆಸರು ಆಮೇಲೆ, ಗಾಡಿ ಘಾಟ್ ದಾಟುವುದು ಎಷ್ಟು ಹೊತ್ತಿಗೆ ಅನ್ನೋದನ್ನ ಮೊದಲು ನೋಡ್ರಿ ಅನ್ನುತ್ತೇನೆ.

ಸಕಲೇಶಪುರ ಘಾಟನ್ನೇ ತೆಗೆದುಕೊಳ್ಳಿ. ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗ, ನೂರಕ್ಕೂ ಮಿಕ್ಕ ಸೇತುವೆ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿತ. ಅದಕ್ಕೇ ಗಾಡಿ ಅಲ್ಲಿ ಅವಸರ ಮಾಡುವುದಿಲ್ಲ; ಎರಡು ತಾಸಿನ ಮೇಲೇ ಹಿಡಿಯುತ್ತದೆ. ದೋಣಿಗಲ್, ಕಡಗರವಳ್ಳಿ, ಎಡಕುಮರಿ, ಸಿರಿಬಾಗಿಲು: ಈ ನಿಲ್ದಾಣಗಳ ಸುತ್ತ ಊರಿಗಿಂತ ಕಾಡೇ ಹೆಚ್ಚು. ಮಳೆಗಾಲದಲ್ಲಿ ಕಂಬಳಿ ಗೊಪ್ಪೆಯೋ ರೇನ್‌ಕೋಟೋ ಹೊದ್ದ ಗ್ಯಾಂಗ್‌ಮನ್ ಹಳಿಯುದ್ದಕ್ಕೂ ನಡೆದು, ಕಲ್ಲು ಉರುಳಿದೆಯೇ, ಮಣ್ಣು ಸಡಿಲಾಗಿದೆಯೇ ಎಂದು ನೋಡುತ್ತಿರುತ್ತಾನೆ. ಗಾಡಿ ಬಂದಾಗ ಪಕ್ಕಕ್ಕೆ ಸರಿದು ಹಸಿರು ಬಾವುಟ ಹಿಡಿದು ನಿಲ್ಲುವ ಆ ಮನುಷ್ಯನನ್ನು ಕಿಟಕಿಯಿಂದ ಕಂಡಾಗ ನನಗೆ ಕೈಮುಗಿಯಬೇಕು ಅನಿಸುತ್ತದೆ. ಆದರೆ ಕುಕ್ಕೆ, ಧರ್ಮಸ್ಥಳಕ್ಕೆ ಹೋಗುವ ನಮ್ಮ ಕಡೆಯ ಬಹಳ ಜನ ಬೆಂಗಳೂರಿನಿಂದ ರಾತ್ರಿ ಗಾಡಿ ಹತ್ತಿ, ಈ 57 ಸುರಂಗಗಳನ್ನೂ ನಿದ್ದೆಯಲ್ಲೇ ದಾಟಿಬಿಡುತ್ತಾರೆ. ಯಶವಂತಪುರದಿಂದ ಮಂಗಳೂರಿಗೆ ಹಗಲು ಗಾಡಿ ಇದೆ. 2021ರಿಂದ ಅದಕ್ಕೆ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಯೂ ಬಂದಿದೆ. ನನಗೇನೋ ಗಾಳಿ ಬೀಸುವ ಸಾದಾ ಕಿಟಕಿಯೇ ಸಾಕು.

ಇನ್ನು ಕಾಲದ ಮಾತು. ಬೇಸಿಗೆ ಸೂಟಿಯಲ್ಲಿ ಹೋದರೆ ಝರಿಗಳು ಒಣಗಿರುತ್ತವೆ. ಆಷಾಢ-ಶ್ರಾವಣದ ಮಳೆಯಲ್ಲಿ ಹೋಗೋಣವೆಂದರೆ ಗುಡ್ಡ ಜರಿಯುವ ಭಯ. 2024ರ ಜುಲೈ ಕೊನೆಯಲ್ಲಿ ಎಡಕುಮರಿ-ಕಡಗರವಳ್ಳಿ ನಡುವೆ ಮಣ್ಣು ಕುಸಿದು ಗಾಡಿಗಳೆಲ್ಲ ಬಂದಾದವು. ದಸರೆಗೆ ಮಳೆಯ ಜೋರು ಇಳಿದಿರುತ್ತದೆ, ನೀರು ಇನ್ನೂ ಹರಿಯುತ್ತಿರುತ್ತದೆ. ನಮ್ಮ ಮಕ್ಕಳ ಸೂಟಿಯೂ ಆಗಲೇ.

ಊಟಿ ಬೇಡವೇ ಎಂದು ಕೇಳುವವರಿದ್ದಾರೆ. ಮೇಟ್ಟುಪಾಳ್ಯದಿಂದ 46 ಕಿಲೋಮೀಟರ್, ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಹನ್ನೆರಡಕ್ಕೆ ಒಂದರ ಏರು ಹತ್ತುವ ಗಾಡಿ. 2005ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಬಂಗಾರದಂಥ ಗಾಡಿಯೇ ಹೌದು. ಆದರೆ ಅಲ್ಲಿ ಹಿಂಗಾರು ಬಿರುಸಾಗುವುದು ನಮ್ಮ ದಸರಾ-ದೀಪಾವಳಿಯ ಹೊತ್ತಿಗೇ, ಹಳಿ ಮೇಲೆ ಮಣ್ಣು ಬಿದ್ದು ಗಾಡಿ ರದ್ದಾಗುವುದೂ ಆಗಲೇ.

ಹುಡಗಿಯವರಿಗೆ ಹತ್ತಿರದ ರುಚಿ ಒಂದಿದೆ. 2017ರ ಅಕ್ಟೋಬರ್ 29ರಂದು ಬೀದರ್-ಕಲಬುರಗಿ ಮಾರ್ಗ ಪೂರ್ತಿ ತೆರೆಯಿತು, 110 ಕಿಲೋಮೀಟರ್. ಹುಮನಾಬಾದಿನಲ್ಲಿ ಹತ್ತಿ ಕಲಬುರಗಿಗೆ ಹೊರಟರೆ ಮರಗುತ್ತಿಯಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗ ಸಿಗುತ್ತದೆ. ಗಾಡಿ ಒಳಹೊಕ್ಕ ಕೂಡಲೇ ಮಕ್ಕಳು ಹೋ ಎಂದು ಕೂಗುತ್ತಾರೆ, ಮುದುಕರು ಸೀಟಿನ ಕಂಬಿ ಹಿಡಿದು ಕೂಡುತ್ತಾರೆ.

ಅದೇ ಕಲಬುರಗಿಯಲ್ಲಿ ಬೆಳಿಗ್ಗೆ ಮುಂಬಯಿ ಕಡೆಯ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ಗಾಡಿ ಬದಲಿಸದೆ, ಮಧ್ಯಾಹ್ನದ ಮೇಲೆ, ಹಗಲಿನಲ್ಲೇ ಭೋರ್ ಘಾಟ್. 1863ರಲ್ಲಿ ತೆರೆದ ದಾರಿ ಅದು, 37ಕ್ಕೆ ಒಂದರ ಇಳಿಜಾರು. ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಹೆಂಡತಿ ಆಲಿಸ್ ಆ ಕೆಲಸವನ್ನು ಕೈಬಿಡದೆ ನಡೆಸಿದಳು. ಕಲ್ಲು ಒಡೆಯುತ್ತ, ಕಾಲರಾ ಬಂದು ಸತ್ತ ಸಾವಿರಾರು ಕೂಲಿಕಾರರ ಹೆಸರು ಮಾತ್ರ ಎಲ್ಲೂ ಉಳಿದಿಲ್ಲ. ಲೋಣಾವಳ ದಾಟಿದ ಮೇಲೆ ಕಿಟಕಿ ಬಿಡಬೇಡಿ: ಬ್ರೇಕ್ ತಪ್ಪಿದ ಗಾಡಿಯನ್ನು ಏರಿಗೆ ತಿರುಗಿಸಿ ನಿಲ್ಲಿಸಲೆಂದೇ ಹಾಕಿದ ಅಡ್ಡಹಳಿ ಕಾಣುತ್ತದೆ. ಮರಳಿ ಬರುವಾಗ ಕರ್ಜತ್‌ನಲ್ಲಿ ಏರು ಹತ್ತಿಸಲು ಹಿಂದಿನಿಂದ ದೂಡುವ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಹುಡುಗರನ್ನು ಇಳಿಸಿ ತೋರಿಸಿ, ಆದರೆ ಬಾಗಿಲ ಹತ್ತಿರವೇ ಇರಿ.

ಮನೆಯಲ್ಲಿ ಆಯಿ, ಮುತ್ಯಾ ಜೊತೆಗಿದ್ದರೆ ಭೋರ್ ಘಾಟೇ ಮೇಲು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಒಂದೇ ಸೀಟಿನಲ್ಲಿ ಕೂತು ಹೋಗಬಹುದು. ನಡುವಯಸ್ಸಿನವರು, ಮಕ್ಕಳಷ್ಟೇ ಆದರೆ ಸಕಲೇಶಪುರ. ಹಗಲು ಗಾಡಿ ಬೆಳಗಿನಲ್ಲೇ ಹೊರಡುವುದರಿಂದ ಬೆಂಗಳೂರಿನಲ್ಲಿ ಒಂದು ರಾತ್ರಿ ಉಳಿಯಲೇಬೇಕು. ಯಾವುದೇ ಇರಲಿ, ಬುಕ್ಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ದಸರೆಯಿಂದ ಹಿಂದಕ್ಕೆ ಎಣಿಸಿದರೆ ನಾಗರಪಂಚಮಿ ಮುಗಿದು ನಾಲ್ಕಾರು ದಿನ. ಉಂಡಿ ಡಬ್ಬಿಯಲ್ಲಿ ಇರುವಾಗಲೇ ಕಿಟಕಿ ಸೀಟು ಕಾದಿರಿಸಿಬಿಡಿ.