ಸೊಂಟದ ಚಾಕು: ಕೆಲಸಕ್ಕೆಷ್ಟು, ಕಾವಲಿಗೆಷ್ಟು?

ಈ ಸಲ ಬೆಳೆ ವಿಷಯ ಅಲ್ಲ, ಚಾಕು ವಿಷಯ. ಚಿರತೆ ಭಯ ಜಾಸ್ತಿ ಆದ ಮೇಲೆ ನಮ್ಮ ಹುಡುಗರು ಸೊಂಟಕ್ಕೆ ಸಣ್ಣ ಚಾಕು ಸಿಕ್ಕಿಸ್ಕೊಂಡು ಗದ್ದೆಗೆ ಹೋಗ್ತಾವ್ರೆ. ನನ್ನ ಮಗನೂ ಒಂದು ತರಿಸ್ದ. ಮಡಚೋದಲ್ಲ, ಅಲಗು ಹಿಡಿಯಲ್ಲೇ ಕೂತಿರೋದು. ಅಲಗು ಮೂರೂವರೆ ಇಂಚು, ಹಿಡಿ ಸೇರಿ ಏಳೂವರೆ. "ಅಪ್ಪ, ರಾತ್ರಿ ಮೋಟ್ರು ಹಾಕಕ್ಕೆ ಹೋಗುವಾಗ ಇಟ್ಕೋ, ಸೇಫ್ಟಿಗೆ" ಅಂದ. ಮೂರು ತಿಂಗಳು ಇಟ್ಕೊಂಡು ನೋಡಿದೀನಿ.

ಮೊದಲು ಕೆಲಸದ ಮಾತು. ಡ್ರಿಪ್ ಪೈಪು ಕುಯ್ಯಕ್ಕೆ, ಗೊಬ್ಬರದ ಚೀಲ ಬಿಚ್ಚಕ್ಕೆ, ಬಾಳೆಗೆ ಕೋಲು ಕಟ್ಟೋ ಹಗ್ಗ ಕತ್ತರಿಸಕ್ಕೆ ಬಲು ಅನುಕೂಲ. ಒಂದಿನ ಕರು ಕುತ್ತಿಗೆ ಹಗ್ಗ ಗೂಟಕ್ಕೆ ಸುತ್ಕೊಂಡು ನಾಲಿಗೆ ಹೊರಗೆ ಹಾಕಿತ್ತು. ಒಂದು ಕೈಲಿ ಕರು ಹಿಡ್ಕೊಂಡು, ಇನ್ನೊಂದು ಕೈಲಿ ಚಾಕು ಎಳೆದು ಹಗ್ಗ ಕುಯ್ದೆ. ಮಡಚೋ ಚಾಕು ಆಗಿದ್ರೆ ಬಿಚ್ಚಕ್ಕೆ ಎರಡು ಕೈ ಬೇಕಿತ್ತು. ಅದರ ಕೀಲಿಗೆ ಕೆಸರು ಸೇರ್ತದೆ, ಲಾಕ್ ಇಲ್ದಿದ್ರೆ ಬೆರಳ ಮೇಲೇ ಮಡಚ್ಕೊಳ್ಳೋದೂ ಉಂಟು. ಆದ್ರೆ ಬಾಳೆಗೊನೆ ಕಡಿಯಕ್ಕೆ, ಎಳನೀರು ಕೆತ್ತಕ್ಕೆ ಇದು ಆಗಲ್ಲ. ಅದಕ್ಕೆ ಮಚ್ಚೇ ಸೈ.

ತಗೊಳ್ಳೋರು ನಾಕು ವಿಷಯ ನೋಡಿ. ಅಲಗಿನ ಕಬ್ಬಿಣ ಹಿಡಿಯ ತುದಿವರೆಗೂ ಹೋಗಿರ್ಬೇಕು, ಅರ್ಧಕ್ಕೆ ನಿಂತಿದ್ರೆ ಬಲ ಬಿದ್ದಾಗ ಹಿಡಿಯೇ ಕಿತ್ಕೊಂಡು ಬರ್ತದೆ. ಹಿಡಿಯ ಮುಂದೆ ಬೆರಳಿಗೆ ಅಡ್ಡ ಇರ್ಬೇಕು, ಇಲ್ದಿದ್ರೆ ಒದ್ದೆ ಕೈ ಅಲಗಿನ ಮೇಲಕ್ಕೆ ಜಾರ್ತದೆ. ಒರೆಯನ್ನ ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡಿ, ಚಾಕು ಬಿದ್ರೆ ಬೇಡ. ಬದು ಮೇಲೆ ಜಾರಿ ಬಿದ್ದಾಗ ಅದು ನಿಮ್ಮ ತೊಡೆಗೇ ಇಳೀತದೆ. ಕೊನೇದು ಕಬ್ಬಿಣ. ನನ್ನದು ಸ್ಟೇನ್‌ಲೆಸ್. ಬಾಳೆ ಸೊನೆಗೆ ತುಕ್ಕು ಹಿಡಿಯಲ್ಲ, ಆದ್ರೆ ವಾರಕ್ಕೊಂದು ಸಲ ಸಾಣೆ ಕೇಳ್ತದೆ. ನಮ್ಮೂರ ಕುಲುಮೆಯಲ್ಲಿ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಮಾಡ್ಕೊಟ್ಟ ಚಾಕು ತಿಂಗಳಾದ್ರೂ ಹರಿತ ಬಿಡಲ್ಲ. ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚೋ ಅಭ್ಯಾಸ ಇದ್ರೆ ಅದೇ ಮೇಲು.

ಈಗ ಮಗ ಹೇಳಿದ ಸೇಫ್ಟಿ ಮಾತು. 2022ರ ಕೊನೆ, 2023ರ ಶುರುವಲ್ಲಿ ಟಿ.ನರಸೀಪುರ ತಾಲ್ಲೂಕಲ್ಲಿ ಚಿರತೆ ಬಾಯಿಗೆ ಜನ ಸತ್ತಿದ್ದು ಎಲ್ಲರಿಗೂ ಗೊತ್ತು. ಚಿರತೆ ಎದುರಿಗೆ ಬಂದು ನಿಂತು ಜಗಳ ಆಡಲ್ಲ. ಕಬ್ಬಿನ ಮರೆಯಿಂದ, ಹಿಂದಿಂದ, ಕುತ್ತಿಗೆಗೇ ಬರ್ತದೆ. ಮೂರೂವರೆ ಇಂಚಿನ ಅಲಗು ಅದಕ್ಕೆ ತಾಗ್ಬೇಕಾದ್ರೆ ಅದು ಆಗಲೇ ನಿಮ್ಮ ಮೈಮೇಲೆ ಇರ್ತದೆ. ಕಾಡುಹಂದಿ ತಗ್ಗಿ ಬಂದು ಕೋರೆಯಲ್ಲಿ ತೊಡೆ ಸೀಳ್ತದೆ, ಬಗ್ಗಿ ಚಾಕು ಹಾಕೋಷ್ಟು ಹೊತ್ತು ಕೊಡಲ್ಲ. ಹಾವಿಗಂತೂ ಚಾಕು ಲೆಕ್ಕಕ್ಕೇ ಇಲ್ಲ. ಇದಕ್ಕೆಲ್ಲ ಬೇಕಾಗಿರೋದು ದೂರ, ಬೆಳಕು, ಸದ್ದು. ತಲೆಗೆ ಕಟ್ಟೋ ಬ್ಯಾಟ್ರಿ, ಆಳುದ್ದದ ದೊಣ್ಣೆ, ಗಮ್ ಬೂಟು, ಜೊತೆಗೊಬ್ಬ. ಜೊತೆ ಇಲ್ದಿದ್ರೆ ಮೊಬೈಲಲ್ಲಿ ಜೋರಾಗಿ ಹಾಡು ಹಾಕ್ಕೊಂಡು ಹೋಗಿ.

ಇನ್ನು ಮನುಷ್ಯರ ಭಯ. ನನಗೆ ಹೆಚ್ಚು ಯೋಚನೆ ಇದರದ್ದೇ. ಹೋದ ಬೇಸಿಗೇಲಿ ತೂಬಿನ ಹತ್ರ ನೀರಿನ ಸರದಿಗೆ ಇಬ್ಬರು ಅಣ್ತಮ್ಮಂದಿರ ಮಕ್ಕಳಿಗೆ ಮಾತಿಗೆ ಮಾತು ಬೆಳೀತು. ಅಲ್ಲೀವರೆಗೂ ಅದು ಬರೀ ಬಾಯಿ ಜಗಳ. ಒಬ್ಬನ ಕೈ ಸೊಂಟಕ್ಕೆ ಹೋಯ್ತು. ಇನ್ನೊಬ್ಬ ಅದನ್ನ ನೋಡಿದ್ದೇ ಗುದ್ದಲಿ ಎತ್ತಿದ. ಹೆಂಗಸರು ಮಧ್ಯೆ ಬಂದು ನಿಂತಿದ್ದಕ್ಕೆ ಎರಡು ಮನೆ ಉಳೀತು. ಚಾಕು ಒರೆಯಿಂದ ಹೊರಗೇ ಬಂದಿರ್ಲಿಲ್ಲ, ಗಮನಿಸಿ. ಐತೆ ಅನ್ನೋದೇ ಸಾಕಾಯ್ತು.

ಕಾನೂನೂ ತಿಳ್ಕೊಂಡಿರಿ. ಅಲಗು 9 ಇಂಚಿಗಿಂತ ಉದ್ದ ಇಲ್ಲ 2 ಇಂಚಿಗಿಂತ ಅಗಲ ಇದ್ರೆ ಅದು ಶಸ್ತ್ರಾಸ್ತ್ರ ನಿಯಮದ ಲೆಕ್ಕಕ್ಕೆ ಬರ್ತದೆ. ಮನೆ ಬಳಕೆಗೆ, ಬೇಸಾಯಕ್ಕೆ ಅಂತ ಮಾಡಿರೋದಕ್ಕೆ ವಿನಾಯಿತಿ ಐತೆ. ಹಂಗಾಗಿ ಈ ಸಣ್ಣ ಚಾಕು ಆ ಲೆಕ್ಕಕ್ಕೆ ಬರಲ್ಲ. ಆದ್ರೆ ಇಟ್ಕೊಳ್ಳೋದು ಬೇರೆ, ಬೀಸೋದು ಬೇರೆ. ಆತ್ಮರಕ್ಷಣೆ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ನೇ ಕಲಮಿನಿಂದ ಶುರುವಾಗ್ತದೆ, ನಿಜ. ಅದರಲ್ಲೇ 37ನೇ ಕಲಮು, ತಪ್ಪಿಸ್ಕೊಳ್ಳಕ್ಕೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಗಾಯ ಮಾಡಂಗಿಲ್ಲ ಅಂತದೆ. ಬರಿಗೈಲಿ ತಳ್ಳಿದವನಿಗೆ ಚಾಕು ಹಾಕಿದ್ರೆ ನಿಮ್ಮ ಮಾತು ಯಾರು ಕೇಳ್ತಾರೆ? ನೀರಿನ ಸರದಿ ಮೂರು ಗಂಟೆದು, ಕೇಸು ಎಷ್ಟೋ ವರ್ಷದ್ದು.

ಮಗನಿಗೆ ನಾನು ಹೇಳಿದ್ದು ಇಷ್ಟೆ. ಚಾಕು ಚೆನ್ನಾಗೈತೆ, ಡ್ರಿಪ್ ಸಾಮಾನಿನ ಚೀಲದಲ್ಲಿ ಇರಲಿ, ಕೆಲಸ ಇದ್ದಾಗ ಸೊಂಟಕ್ಕೆ ಬರಲಿ. ತೂಬಿನ ಹತ್ರಕ್ಕೆ, ಸಂತೆಗೆ, ಜಾತ್ರೆಗೆ, ಪಂಚಾಯ್ತಿಗೆ ಬೇಡ. ಕಾವಲಿಗೆ ಅಂತ ದುಡ್ಡು ಹಾಕೋದಿದ್ರೆ ಮೊದಲು ಒಳ್ಳೆ ಬ್ಯಾಟ್ರಿ ತಗೋ.

ಒಂದು ಮಾತು ಎಲ್ಲರಿಗೂ. ನಾವು ಕತ್ತಲಲ್ಲಿ ಕಬ್ಬಿನ ಮಧ್ಯೆ ನಡೀತಿರೋದು ತ್ರೀ ಫೇಸ್ ರಾತ್ರಿ ಪಾಳಿಗೆ ಬರೋದ್ರಿಂದ. ಏಳು ಗಂಟೆ ಕರೆಂಟು ಹಗಲೇ ಕೊಟ್ರೆ ಈ ಭಯದಲ್ಲಿ ಅರ್ಧ ಕಮ್ಮಿ ಆಗ್ತದೆ. ಒಬ್ಬೊಬ್ರು ಒಂದೊಂದು ಚಾಕು ಕೊಳ್ಳೋ ಬದಲು ಎಲ್ಲಾ ಸೇರಿ ಅದಕ್ಕೊಂದು ಅರ್ಜಿ ಬರಿಯೋಣ. ಮೊದಲ ಸಹಿ ನಂದು.